ಮುರಿಗೆಪ್ಪನವರ ಹೊಲದ ಮಾತು

ನಮ್ಮ ವಾರಪತ್ರಿಕೆಯಲ್ಲಿ ಹೊಲ ಸಾಕು ಅಂದಿತು ಎಂದು ಬರೆಯುವಂತಿಲ್ಲ. ತಮ್ಮ ಹೊಲ ಸಾಕು ಅಂದಿತೆಂದು ಇಂಥವರು ತಿಳಿಸಿದ್ದಾರೆ ಎಂದೇ ಬರೆಯಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಸಂಪಾದಕ ಜಿನ್ನಪ್ಪನವರು ನನ್ನ ವರದಿಯ ಮೇಲೆ ಕೆಂಪು ಗೆರೆ ಎಳೆದು, "ನೀವ ಕೇಳೀರೇನ್ರೀ?" ಎಂದು ಕೇಳಿದ್ದರು. ಇಲ್ಲ ಎಂದೆ. "ಮತ್ತ? ಕೇಳಿದವರ ಹೆಸರ ಹಾಕ್ರಿ. ನಾಳೆ ಸುಳ್ಳಾತಂದ್ರ ಬೈಸ್ಕೊಳ್ಳಾಕ ಒಬ್ಬರರ ಇರ್ಲಿ" ಎಂದರು.

ಅವರ ಎಚ್ಚರಿಕೆ ಸರಿಯಾದದ್ದೇ. ನಮ್ಮ ಊರಿನ ಹೊಲಗಳು ಬೇಕಾದಷ್ಟು ನೀರು ಕುಡಿದ ಮೇಲೆ ಸಾಕು ಅನ್ನುತ್ತವೆ. ಗೊಬ್ಬರ ಹಾಕಿದಾಗಲೂ ಅನ್ನುತ್ತವೆ. ಆದರೆ ಅದು ಕೇಳಿಸುವುದು ಬಿತ್ತಿದವರಿಗೆ ಮಾತ್ರ. ಬದುವಿನ ಮೇಲೆ ಹತ್ತು ಜನ ನಿಂತಿದ್ದರೂ ಉಳಿದವರಿಗೆಲ್ಲ ಕೇಳಿಸುವುದು ಹರಿಯುವ ನೀರಿನ ಸದ್ದು, ಹಕ್ಕಿಯ ಸದ್ದು ಅಷ್ಟೇ. ನಾನು ಹುಟ್ಟಿದ್ದು ಇದೇ ಊರಿನಲ್ಲಿಯಾದರೂ ದರ್ಜಿಯ ಮನೆಯಲ್ಲಿ. ಒಂದು ಕಾಳನ್ನೂ ಬಿತ್ತಿದವಳಲ್ಲ. ಆದ್ದರಿಂದ ಮುಂದೆ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದಿದೆ, ಬೇರೆಯವರ ಬಾಯಿಂದ ಕೇಳಿದ್ದಿದೆ. ಹೊಲದ ಬಾಯಿಂದ ಕೇಳಿದ್ದು ಒಂದೂ ಇಲ್ಲ.

ಊರು ಈ ಮಾತಿಗೆ ಒಗ್ಗಿಕೊಂಡು ಎಷ್ಟೋ ತಲೆಮಾರುಗಳಾಗಿವೆ. ನೀರು ಹಾಯಿಸುವ ದಿನ ಹೊಲದ ಹತ್ತಿರ ಯಾರೂ ಮಾತಾಡುವುದಿಲ್ಲ. ಪಂಪುಗಳನ್ನು ದೂರದಲ್ಲಿ, ಸುತ್ತ ಗೋಡೆ ಕಟ್ಟಿದ ಗುಂಡಿಯೊಳಗೆ ಇಡುತ್ತಾರೆ. ಆಡು ಕಾಯುವವರು ಗಂಟೆಗಳೊಳಗೆ ಹುಲ್ಲು ತುರುಕಿಕೊಂಡು ಹಾದುಹೋಗುತ್ತಾರೆ. ಹೆಣ್ಣು ಕೊಡುವವರು ವರನ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಅವನ ಹೆಸರು ಕರೆದು ನೋಡುತ್ತಾರೆ; ತಿರುಗದಿದ್ದರೆ ಚಹಾ ಕುಡಿದು ಎದ್ದುಬಿಡುತ್ತಾರೆ. ಗಡಿಯಾರ ನೋಡಿ ನೀರು ಹಂಚುವ ಪದ್ಧತಿ ನಮ್ಮಲ್ಲಿಲ್ಲ. ಕಾಲುವೆಯ ತಲೆಯಲ್ಲಿರುವ ಹೊಲ ಮೊದಲು ಕುಡಿಯುತ್ತದೆ. ಅದು ಸಾಕು ಅಂದ ಕೂಡಲೇ ರೈತ ಹೆಗಲ ಮೇಲಿನ ಟವೆಲ್ ಎತ್ತಿ ತೋರಿಸುತ್ತಾನೆ, ನೀರುಗಂಟಿ ಆ ತೂಬು ಮುಚ್ಚಿ ಮುಂದಿನ ತೂಬು ತೆರೆಯುತ್ತಾನೆ. ಹೀಗೆ ಕೊನೆಯ ಹೊಲದವರೆಗೆ. ಟವೆಲ್ ಏಳದೆ ತೂಬು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ.

ಸುತ್ತಲಿನ ಊರುಗಳವರು ಒಂದು ಎಕರೆ ಗೋಧಿಗೆ ಬಿಡುವ ನೀರಿನಲ್ಲಿ ನಮ್ಮವರು ಎರಡು ಎಕರೆ ಬೆಳೆಯುತ್ತಾರೆ, ಎಕರೆಗೆ ಅವರಿಗಿಂತ ಒಂದೆರಡು ಚೀಲ ಹೆಚ್ಚೇ ಬೆಳೆಯುತ್ತಾರೆ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಎರಡೂ ಕಡೆಯ ಕಣಗಳಲ್ಲಿ ನಿಂತು ನೋಡಿದ್ದೇನೆ. ಎರೆಮಣ್ಣಿಗೆ ನೀರು ಹೆಚ್ಚಾದರೆ ಬೇರು ಉಸಿರಾಡಲಾರದೆ ಗೋಧಿ ಹಳದಿಯಾಗುತ್ತದೆ, ಗಾಳಿ ಬೀಸಿದರೆ ಮಲಗುತ್ತದೆ. ಹೊರಗಿನವರಿಗೂ ಇದು ಗೊತ್ತು. ಆದರೆ ಎಷ್ಟಾದರೆ ಹೆಚ್ಚು ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಅದಕ್ಕೇ ಅವರು ಭಯಕ್ಕೆ ಇನ್ನೊಂದಿಷ್ಟು ಬಿಡುತ್ತಾರೆ.

ಕಿವಿ ಮಂದವಾದ ರೈತ ನಮ್ಮಲ್ಲಿ ಕೂರಿಗೆ ಇಳಿಸಬೇಕು. ಅಂದರೆ ಮುಂದಿನ ಬಿತ್ತನೆಯಿಂದ ಮಗನಿಗೋ ಮಗಳಿಗೋ ಹೊಲ ಒಪ್ಪಿಸಬೇಕು. ಮಕ್ಕಳಿಲ್ಲದವರು ಬೇರೆಯವರಿಗೆ ಲಾವಣಿಗೆ, ಎಂದರೆ ಗೇಣಿಗೆ, ಕೊಡಬೇಕು. ಕಾಲುವೆಯ ಸಭೆಯಲ್ಲಿ ಎದ್ದು ಹಿಂದಿನ ಸಾಲಿಗೆ ಹೋಗಬೇಕು. ಹಿಂದಿನ ಸಾಲಿನವರು ಮಾತಾಡಬಾರದು ಎಂದೇನಿಲ್ಲ. ಆದರೆ ಅವರು ಮಾತಾಡಿದಾಗ ಮುಂದಿನ ಸಾಲಿನವರು ತಿರುಗಿ ನೋಡುವುದಿಲ್ಲ.

ಫಕೀರವ್ವ ನಮ್ಮ ಕಚೇರಿಗೆ ಬಂದದ್ದು ಗೋಧಿ ತೆನೆಗಟ್ಟಿದ ಮೇಲೆ. ಕಾಲುವೆಯ ಬಾಲದಲ್ಲಿ ಆಕೆಯ ಎರಡು ಎಕರೆ ಇದೆ. ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬಂದಾಗ ಬಂದ. ಒಕ್ಕಲುತನವೆಲ್ಲ ಆಕೆಯದೇ. ಚಪ್ಪಲಿ ಹೊರಗೆ ಬಿಟ್ಟು ಬಂದವರು ಕೂರದೆ ನಿಂತೇ ಶುರು ಮಾಡಿದರು.

"ಅಕ್ಕಾರ, ಒಂದ ಸುದ್ದಿ ಬರೀರಿ. ಮುರಿಗೆಪ್ಪ ಗೌಡ್ರು ಸುಳ್ಳ ಹೇಳ್ತಾರ ಅಂತ ಬರೀರಿ."

"ಯವ್ವಾ, ಹಂಗ ಬರದ್ರ ನಮ್ಮ ಮ್ಯಾಲ ಕೇಸ ಹಾಕ್ತಾರ" ಎಂದರು ಜಿನ್ನಪ್ಪ.

"ಹಾಕ್ಲಿ ಬಿಡ್ರಿ. ಕೋರ್ಟಿನ್ಯಾಗ ಕುಂಡ್ರಾಕ ನೆರಳರ ಇರ್ತೈತಿ."

ವಿಷಯ ಇಷ್ಟು. ಆ ವರ್ಷ ಕೆರೆಯಲ್ಲಿ ನೀರಿಗೆ ಕೊರತೆ ಇರಲಿಲ್ಲ. ಕಾಲುವೆಯ ನಡುವಿನವರೆಲ್ಲ ಕಡಲೆ ಬಿತ್ತಿದ್ದರು, ಅವರಿಗೆ ಒಂದು ನೀರು ಸಾಕಾಗಿತ್ತು. ಗೋಧಿ ಹಾಕಿದ್ದವರು ಇಬ್ಬರೇ: ತಲೆಯಲ್ಲಿ ಆರು ಎಕರೆಯ ಮುರಿಗೆಪ್ಪ, ಬಾಲದಲ್ಲಿ ಫಕೀರವ್ವ. ಮೊದಲಿನ ಎರಡು ನೀರು ಹೇಗೋ ಕೆಳಗೆ ಇಳಿದಿತ್ತು. ಆಮೇಲಿನ ಎರಡು ಸರದಿಯಲ್ಲಿ ಮುರಿಗೆಪ್ಪ ಬೆಳಗಿನಿಂದ ಸಂಜೆಯವರೆಗೆ ಟವೆಲ್ ಎತ್ತಲೇ ಇಲ್ಲ. ಸೂರ್ಯ ಮುಳುಗಿದರೆ ಕೆರೆಯ ತೂಬು ಮುಚ್ಚುವುದು ನಿಯಮ. ಎರಡು ಸಲವೂ ಫಕೀರವ್ವ ಒಣ ಕಾಲುವೆ ನೋಡಿಕೊಂಡು ಮನೆಗೆ ಹೋಗಿದ್ದರು. ಇನ್ನು ಉಳಿದಿದ್ದು ಒಂದೇ ಸರದಿ.

"ತೆನಿ ಹಾಲ ತುಂಬೋ ಹೊತ್ತ ಐತ್ರಿ ಇದು. ಈಗ ನೀರ ತಪ್ಪಿದ್ರ ತೆನಿ ಇರ್ತಾವ, ಒಳಗ ಕಾಳ ಇರಂಗಿಲ್ಲ. ಗೌಡ್ರ ಹೊಲ ಏನ ಕೆರಿ ಕುಡಿಯೋ ರಾಕ್ಷಸ ಏನ್ರಿ? ಅದೂ ಎರಿ ಭೂಮಿ, ನಂದೂ ಎರಿ ಭೂಮಿ."

ಮರುದಿನ ನಾನು ಮುರಿಗೆಪ್ಪನವರ ಹೊಲಕ್ಕೆ ಹೋದೆ. ಗೋಧಿ ಹಳದಿಯಾಗಿತ್ತು. ಅಲ್ಲಲ್ಲಿ ಚಾಪೆ ಹಾಸಿದಂತೆ ಮಲಗಿತ್ತು. ನೀರಿಗಾಗಿ ಸುಳ್ಳು ಹೇಳುವವನು ತನ್ನ ಬೆಳೆ ಹೆಚ್ಚಿಸಿಕೊಳ್ಳಲು ಹೇಳಬೇಕು. ಇಲ್ಲಿ ಬೆಳೆಯೇ ಕೊಳೆಯುತ್ತಿತ್ತು. ಎರಡೂ ತಾಳೆಯಾಗಲಿಲ್ಲ. ಅರವತ್ತು ದಾಟಿದ ಮುರಿಗೆಪ್ಪ ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದರು. ಅವರ ಹೆಂಡತಿ ಬಸಲಿಂಗವ್ವ ನನ್ನನ್ನು ಕಂಡು ಮಜ್ಜಿಗೆ ತಂದರು.

"ಕಾಕಾರ, ಈ ಸಲ ಹೊಲ ಯಾಕ ಇಷ್ಟ ತಡಾ ಮಾಡಾಕತ್ತೈತ್ರಿ?" ಎಂದು ಕೇಳಿದೆ.

"ನಮ್ಮ ಅಜ್ಜಾರ ಕಾಲದ್ದು. ಪೂರಾ ಆರೆಕರೆ" ಎಂದರು ಅವರು.

"ಕುಡೀರಿ, ಕುಡೀರಿ, ಮಜ್ಜಿಗಿ ಆರತೈತಿ" ಎಂದರು ಬಸಲಿಂಗವ್ವ.

ಮಜ್ಜಿಗೆ ಆರುವ ಪದಾರ್ಥವಲ್ಲ. ಆಕೆ ಗಾಬರಿಯಾಗಿದ್ದರು. ನಾನು ಲೋಟ ಹಿಡಿದು ಮರವನ್ನು ನೋಡುವ ನೆಪದಲ್ಲಿ ಮುರಿಗೆಪ್ಪನವರ ಬೆನ್ನ ಹಿಂದೆ ಹೋಗಿ ನಿಂತೆ. ಪಿಸುದನಿಯಲ್ಲಲ್ಲ, ಬೀದಿಯಲ್ಲಿ ಕರೆಯುವ ದನಿಯಲ್ಲೇ, "ಏ ಮುರಿಗ್ಯಾ" ಎಂದೆ. ತನಗಿಂತ ಅರ್ಧ ವಯಸ್ಸಿನ ಹೆಂಗಸು ಹಾಗೆ ಕರೆದರೆ ಆ ಮನುಷ್ಯ ಹಗ್ಗ ಬಿಟ್ಟು ಕೋಲು ತೆಗೆದುಕೊಳ್ಳಬೇಕಾಗಿತ್ತು. ಅವರು ಹಗ್ಗ ಹೊಸೆಯುತ್ತಲೇ ಇದ್ದರು. ಬಸಲಿಂಗವ್ವ ನನ್ನ ಕೈಯಿಂದ ಲೋಟ ಇಸಿದುಕೊಂಡರು.

ದಾರಿಯವರೆಗೆ ಆಕೆ ನನ್ನ ಜೊತೆ ಬಂದರು.

"ಪೇಪರನ್ಯಾಗ ಹಾಕಬ್ಯಾಡ್ರಿ."

"ಯಾವಾಗಿಂದ್ರಿ ಇದು?"

"ಹ್ವಾದ ವರ್ಷ ಸ್ವಲ್ಪ ಕೇಳಸ್ತಿತ್ತು. ಈ ವರ್ಷ ನನ್ನ ಬೈಗಳಾನೂ ಮುಟ್ಟವಲ್ದು. ನೋಡಿ ನೋಡಿ ಅಂದಾಜ ಮಾಡ್ತಾರ. ಕಡಿಮಿ ಆಗಿ ಬೆಳಿ ಒಣಗೀತಂತ ಅಂಜಿಕಿ. ಅದಕ್ಕ ಇನ್ನಷ್ಟು ಇರ್ಲಿ, ಇನ್ನಷ್ಟು ಇರ್ಲಿ ಅಂತ ಬಿಡ್ತಾರ. ಟವೆಲ್ಲಿಗೆ ಕೈ ಹೋಗತೈತಿ, ಮತ್ತ ಕೆಳಗ ಇಳೀತೈತಿ. ನಾ ದೂರದಿಂದ ನೋಡ್ತಿರ್ತೀನಿ."

"ನಿಮಗ ಕೇಳಸಂಗಿಲ್ಲೇನ್ರಿ?"

"ನಾ ಯಾಕ ಬಿತ್ತಾಕ ಹೋಗ್ಲಿ? ನಮ್ಮ ಮನಿ ಹೆಣಮಕ್ಕಳು ಹೊಲಕ್ಕ ಬುತ್ತಿ ಒಯ್ಯೂದಷ್ಟ. ಕೂರಿಗಿ ಹಿಡಿಯಾವ್ರು ಅವರು, ಬಿತ್ತಾವ್ರು ಅವರು." ಹೊಲದ ಕಡೆ ತಿರುಗಿ ನೋಡಿ ಹೇಳಿದರು: "ನಮಗ ಮಕ್ಕಳಿಲ್ಲ, ನಿಮಗ ಗೊತ್ತೈತಲ್ಲ. ಕೂರಿಗಿ ಇಳಸಿದ್ರ ಹೊಲ ಕೈ ಬಿಟ್ಟ ಹ್ವಾದಂಗ."

ನನ್ನ ಕೈಯಲ್ಲಿ ನಿಜವಾದ ಸುದ್ದಿಯೊಂದಿತ್ತು. ಅದನ್ನು ಅಚ್ಚು ಹಾಕಿದರೆ ಮುರಿಗೆಪ್ಪ ಹಿಂದಿನ ಸಾಲಿಗೆ ಹೋಗುತ್ತಾರೆ. ಆದರೂ ಫಕೀರವ್ವನ ಹೊಲಕ್ಕೆ ನೀರು ಬರುವುದಿಲ್ಲ, ಏಕೆಂದರೆ ಈ ಬೆಳೆ ಮುಗಿಯುವವರೆಗೆ ಆ ಟವೆಲ್ ಎತ್ತಬಲ್ಲವರು ಯಾರೂ ಇರುವುದಿಲ್ಲ. ಹೊಸಬರು ಬಿತ್ತಿ ಕೇಳುವುದು ಮುಂದಿನ ವರ್ಷದ ಮಾತು. ನಾನು ಬರೆಯಲಿಲ್ಲ. ಕಾಲುವೆಗುಂಟ ಕೆಳಗೆ ನಡೆದೆ.

ಫಕೀರವ್ವ ತಮ್ಮ ತೂಬಿನ ಹತ್ತಿರ ಕೂತಿದ್ದರು. ನೀರುಗಂಟಿ ಇಮಾಮಸಾಬರೂ ಇದ್ದರು. ಜಗಳ ಬಗೆಹರಿಯುವವರೆಗೆ ಕೊನೆಯ ಸರದಿ ಶುರುವಾಗುವುದಿಲ್ಲ ಎಂದು ಅವರು ಕೆರೆಯ ತೂಬನ್ನೇ ತೆರೆಯದೆ ಇಟ್ಟಿದ್ದರು. ಎರೆಮಣ್ಣು ಒಣಗಿ ಬಿರುಕು ಬಿಡತೊಡಗಿತ್ತು. ಫಕೀರವ್ವ ಬಿರುಕಿನೊಳಗೆ ಒಂದು ಕಡ್ಡಿ ಇಳಿಸುತ್ತ, ನನ್ನ ಮುಖ ನೋಡದೆ ಹೇಳಿದರು.

"ಅಕ್ಕಾರ, ಒಂದ ಮಾತ ಐತಿ. ಬರೀಬ್ಯಾಡ್ರಿ. ನನ್ನ ಹೊಲಕ್ಕ ಏನೋ ಆಗೈತಿ. ನೀರ ಇಲ್ದನ ಸಾಕು ಅನ್ನಾಕತ್ತೈತಿ."

"ಏನ?" ಎಂದರು ಇಮಾಮಸಾಬ. ಅಂಥದ್ದನ್ನು ಅವರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಎರಡ ಸಲ ಅಂತ್ರಿ. ಎರಡೂ ಸಲ ನನ್ನ ಎದಿ ಝಲ್ಲಂತು. ಯಾರ ಮುಂದ ಹೇಳ್ಲಿ? ಒಣ ಹೊಲ ಸಾಕು ಅಂತು ಅಂದ್ರ ಇದ್ದ ನೀರೂ ಕೊಡಂಗಿಲ್ಲ ನೀವು."

ವರದಿಗಾರರಿಗೆ ಕೇಳಲು ಬರುವ ಪ್ರಶ್ನೆಗಳು ಕೆಲವೇ: ಎಲ್ಲಿ, ಯಾವಾಗ, ಆಗ ಅಲ್ಲಿ ಏನು ನಡೆಯುತ್ತಿತ್ತು. ಅವನ್ನೇ ಕೇಳಿದೆ. ಎರಡು ಸಲವೂ ಆಕೆ ಕೇಳಿಸಿಕೊಂಡದ್ದು ಮಧ್ಯಾಹ್ನದ ಸುಮಾರಿಗೆ. ಎರಡು ಸಲವೂ ನೀರು ಯಾಕೆ ಬರಲಿಲ್ಲವೆಂದು ನೋಡಲು ಕಾಲುವೆಯ ತಲೆಗೆ ಹೋಗಿದ್ದರು. ನಿಂತಿದ್ದದ್ದು ಮುರಿಗೆಪ್ಪನವರ ತೂಬಿನ ಬಳಿ. ಒಳಗೆ ನೀರು ಹರಿಯುತ್ತಿತ್ತು.

"ನಿಮ್ಮ ಹೊಲದಾಗ ನಿಂತಾಗ ಕೇಳಸ್ತೇನ್ರಿ?"

"ಇಲ್ಲ್ರಿ. ಇಲ್ಲಿ ಒಮ್ಮೀನೂ ಇಲ್ಲ."

"ಗೌಡ್ರ ಹೊಲದಾಗ ಬಿತ್ತೋ ಮುಂದ ನೀವು ಹೋಗಿದ್ರೇನು?"

"ಮತ್ತ? ಎರಡ ವರ್ಷಾತು ನಾನ ಹೋಗೂದು. ಕಾಳ ಬಿಡೂದು ನಂದ ಕೆಲಸ."

ಕೂರಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅದರ ಮೇಲ್ಗಡೆ ಮರದ ಬಟ್ಟಲಿರುತ್ತದೆ, ಬಟ್ಟಲಿನಿಂದ ಕೆಳಕ್ಕೆ ಬಿದಿರ ಕೊಳವೆಗಳು ಇಳಿದಿರುತ್ತವೆ. ಗಂಡಸು ಎತ್ತು ಹೊಡೆಯುತ್ತ ಕೂರಿಗೆ ಹಿಡಿದು ನಡೆಯುತ್ತಾನೆ. ಜೊತೆಗೆ ನಡೆಯುವ ಹೆಂಗಸು ಉಡಿಯಲ್ಲಿನ ಕಾಳನ್ನು ಹಿಡಿಹಿಡಿಯಾಗಿ ತೆಗೆದು, ಬೆರಳು ಸಡಿಲಿಸುತ್ತ ಬಟ್ಟಲಿಗೆ ಬಿಡುತ್ತಾಳೆ. ಸಾಲಿನ ಒತ್ತು, ತೆಳುವು ಎಲ್ಲ ಆ ಬೆರಳುಗಳದ್ದು. ಸ್ವಂತ ಹೊಲ ದೊಡ್ಡದಿರುವ ಮನೆಗಳಲ್ಲಿ ಈ ಹೆಂಗಸರು ಕೂಲಿಯವರು. ಬಿತ್ತಿದವರು ಯಾರೆಂದು ಊರನ್ನು ಕೇಳಿದರೆ ಕೂರಿಗೆ ಹಿಡಿದವನ ಹೆಸರು ಹೇಳುತ್ತದೆ. ನಾನೂ ಹಾಗೇ ಬರೆಯುತ್ತ ಬಂದಿದ್ದೆ.

"ಕೂರಿಗಿ ಹಿಡದವರು ಗೌಡ್ರು. ಬಿತ್ತಿದವರು ಅವರ ಅಲ್ಲೇನವಾ?" ಎಂದರು ಇಮಾಮಸಾಬ.

"ಕಾಕಾ, ಕಾಳ ಯಾರ ಕೈಯಿಂದ ಬಿದ್ದಾವ?" ಎಂದೆ.

ಫಕೀರವ್ವ ಕಡ್ಡಿ ಬಿಟ್ಟು ಎದ್ದು ನಿಂತರು. "ಯವ್ವಾ," ಎಂದರು, "ಹಂಗಾರ ನನ್ನ ಹೊಲಕ್ಕ ಏನೂ ಆಗಿಲ್ಲೇನ್ರಿ?" ಅಷ್ಟು ಹೊತ್ತು ಆಕೆಗಿದ್ದ ಭಯ ಯಾವುದೆಂದು ನನಗೆ ಆಗ ತಿಳಿಯಿತು.

ಆದರೆ ಇದು ಒಬ್ಬರ ಹೇಳಿಕೆ. ಅದೂ ಆ ನೀರಿನಿಂದ ಲಾಭವಾಗುವವರ ಹೇಳಿಕೆ. ನಾನು ಕೂಲಿಗೆ ಕಾಳು ಬಿಡುವ ಬೇರೆ ಹೆಂಗಸರ ಮನೆಗಳಿಗೆ ಹೋದೆ, ಒಬ್ಬರ ಎದುರು ಇನ್ನೊಬ್ಬರನ್ನು ಕೇಳದಂತೆ ನೋಡಿಕೊಂಡೆ. ಒಬ್ಬರು ತಮಗೆ ಏನೂ ಕೇಳಿಸುವುದಿಲ್ಲ ಎಂದರು. ಇನ್ನೊಬ್ಬರು ನೀರು ಹಾಯಿಸುವ ದಿನ ಆ ಕಡೆ ಹೋಗುವುದೇ ಇಲ್ಲ ಎಂದರು. ಮತ್ತೊಬ್ಬರು, "ಕಿವ್ಯಾಗ ಗುಂಯ್‌ಗುಟ್ಟತೈತಿ ಅಂತ ತಿಳ್ಕೊಂಡಿದ್ನಿ, ಎಣ್ಣಿ ಬಿಟ್ಕೊಂತಿದ್ನಿ" ಎಂದು ನಕ್ಕರು. ಎಲ್ಲರಿಗಿಂತ ಹಿರಿಯಾಕೆ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಕೇಳಸತೈತ್ರಿ. ನಮ್ಮವ್ವಗೂ ಕೇಳಸ್ತಿತ್ತು."

"ಮತ್ತ ಯಾರಿಗೂ ಯಾಕ ಹೇಳಿಲ್ಲ?"

"ಹೇಳಿದ್ರ ಏನ ಮಾಡ್ತಿದ್ರು? ಕೇಳಿದ್ದಕ್ಕ ಬ್ಯಾರೆ ಕೂಲಿ ಕೊಡ್ತಿದ್ರೇನ? ಮಂದಿ ಹೊಲದ ಮಾತ ನನಗ ಕೇಳಸ್ತು ಅಂದ್ರ, ಇಕಿ ನಾಳೆ ಹೊಲಾನೂ ನಂದು ಅಂದಾಳು ಅಂತಿದ್ರು."

ಕಾಲುವೆಯ ಸಭೆಗೆ ಇಮಾಮಸಾಬರೇ ವಿಷಯ ತಂದರು. ಮುರಿಗೆಪ್ಪನವರ ಕಿವಿಯ ವಿಚಾರ ಅವರು ಎತ್ತಲಿಲ್ಲ. ಅದು ಆಗ ಅವರಿಗೆ ಗೊತ್ತಿರಲಿಲ್ಲ. ಈ ಸಲ ಗೌಡರ ಹೊಲದ ಬದುವಿನ ಮೇಲೆ ಫಕೀರವ್ವನೂ ನಿಲ್ಲಲಿ, ಆಕೆ ಕಾಳು ಬಿಟ್ಟವಳು, ಎಂದಷ್ಟೇ ಹೇಳಿದರು. ಸಭೆ ಗೊಳ್ಳೆಂದು ನಕ್ಕಿತು.

"ಬಾಲದ ಹೊಲದಾಕಿ ತಲಿ ಹೊಲಕ್ಕ ಕಾವಲಾ?" ಎಂದರು ಮುಂದಿನ ಸಾಲಿನ ಒಬ್ಬರು. "ನೀರ ಮಡಿಗೆ ಮುಟ್ಟೂದ್ರಾಗ ಸಾಕು ಅಂತಾಳ ಇಕಿ."

"ನೀವ ಬಂದ ನನ್ನ ಹೊಲದಾಗ ನಿಂದರ್ರಿ ಹಂಗಾರ" ಎಂದರು ಫಕೀರವ್ವ. "ಬೆದರಗೊಂಬಿ ನಿಲ್ಲಸೂದರ ತಪ್ಪತೈತಿ."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೂರಿಗೆ ಹಿಡಿದವನೇ ಬಿತ್ತಿದವನು ಎನ್ನುವುದು ಒಂದು ವಾದ. ಹಾಗಲ್ಲವೆಂದಾದರೆ ನಾಳೆ ಪ್ರತಿ ಹೊಲಕ್ಕೂ ಇಬ್ಬರು ಒಡೆಯರಾಗುತ್ತಾರೆ ಎನ್ನುವುದು ಇನ್ನೊಂದು. ಮುರಿಗೆಪ್ಪ ಮುಂದಿನ ಸಾಲಿನಲ್ಲಿ ಕೂತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಓಡಿಸುತ್ತಿದ್ದರು. ಬಸಲಿಂಗವ್ವ ಹೆಂಗಸರ ಗುಂಪಿನಿಂದ ಎದ್ದು ಗಂಡಸರ ನಡುವೆ ನಡೆದುಬಂದು ಗಂಡನ ಎದುರು ಕೂತರು. ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಬಿಡಿಸಿ, "ಹೇಳ್ಲೇನು?" ಎಂದು ಕೇಳಿದರು.

ಮುರಿಗೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹೇಳು" ಎಂದರು.

ಆಕೆ ಹೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಮುರಿಗೆಪ್ಪ ಟವೆಲ್ ಕೊಡವಿ ಎದ್ದು, ಯಾರೂ ಹೇಳುವ ಮೊದಲೇ, ಹಿಂದಿನ ಸಾಲಿಗೆ ಹೋಗಿ ಕೂತರು. ಅಲ್ಲಿಂದ ಮಾತಾಡಿದರು, ತಮ್ಮ ದನಿ ಎಷ್ಟು ಎತ್ತರಕ್ಕೆ ಹೋಗುತ್ತಿದೆ ಎಂದು ತಿಳಿಯದವರ ಹಾಗೆ, ಗಟ್ಟಿಯಾಗಿ.

"ಆಕೀಗೆ ಕೇಳಸ್ತಿದ್ರ ಆಕೀನ ನಿಲ್ಲಸ್ರಿ. ಅದು ಅಂದದ್ದ ಯಾರರ ಕೇಳ್ರಿ. ನಾ ಕೇಳವಲ್ಲೆ ಅಂತ ಅದು ಇಡೀ ದಿನ ಅಂಕೋತ ನಿಂತಿದ್ರ..."

ಮುಂದಿನ ಸಾಲಿನವರು ಅಂದು ಹಿಂತಿರುಗಿ ನೋಡಿದರು.

ಕೊನೆಯ ಸರದಿಯ ದಿನ ಬಿಸಿಲು ಏರುವ ಮೊದಲೇ ಇಮಾಮಸಾಬ ಕೆರೆಯ ತೂಬು ತೆರೆದರು. ನಡುವಿನ ಕಡಲೆಯವರಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಬಹಳ ಜನ ಬಂದಿದ್ದರು. ಫಕೀರವ್ವ ಬರಿಗಾಲಿನಲ್ಲಿ ಬದುವಿನ ಮೇಲೆ ನಿಂತರು, ಹೆಗಲ ಮೇಲೆ ಮುರಿಗೆಪ್ಪನವರ ಟವೆಲ್. ಅಲ್ಲಿಂದ ನೋಡಿದರೆ ಇಳಿಜಾರಿನ ತುದಿಯಲ್ಲಿ ಆಕೆಯ ಎರಡು ಎಕರೆ ಕಾಣುತ್ತದೆ. ಆಕೆ ಅದಕ್ಕೆ ಬೆನ್ನು ಮಾಡಿ ನಿಂತರು. ಹಿಂದಿನ ಸಲ ಆಕೆಗೆ ಆ ಹೊಲದ ಮಾತು ಕೇಳಿಸಿದ್ದು ಮಧ್ಯಾಹ್ನದ ಹೊತ್ತಿಗೆ. ಅದಕ್ಕಿಂತ ತಡವಾದರೆ, ನೀರು ಕಾಲುವೆಯುದ್ದ ಹರಿದು ಬಾಲ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೇಗ ಟವೆಲ್ ಎತ್ತಿದರೆ ಆಕೆಯನ್ನು ಹಿಡಿಯಬಲ್ಲವರು ಯಾರೂ ಇರಲಿಲ್ಲ. ಅದೂ ಎಲ್ಲರಿಗೂ ಗೊತ್ತಿತ್ತು.

ನೀರು ಒಂದೊಂದೇ ಮಡಿ ದಾಟಿತು. ಯಾರೂ ಮಾತಾಡುವಂತಿಲ್ಲವಾದ್ದರಿಂದ ಜನ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮುರಿಗೆಪ್ಪ ಹೊಲವನ್ನು ನೋಡದೆ ಫಕೀರವ್ವನನ್ನೇ ನೋಡುತ್ತಿದ್ದರು. ಮಧ್ಯಾಹ್ನವಾಯಿತು. ಬಸಲಿಂಗವ್ವ ರೊಟ್ಟಿಯ ಗಂಟು ತಂದು ಆಕೆಯ ಕಾಲ ಬಳಿ ಇಟ್ಟರು. ಅದು ಹಾಗೇ ಉಳಿಯಿತು. ಆಕೆಯ ಕೈ ಹೆಗಲಿಗೆ ಹೋಯಿತು. ಇಮಾಮಸಾಬ ತೂಬಿನ ಹಲಗೆಗೆ ಬಾಗಿದರು. ಫಕೀರವ್ವ ಟವೆಲ್ಲಿನ ಅಂಚಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ಕೈ ಇಳಿಸಿದರು. ಇಮಾಮಸಾಬ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಇಷ್ಟು ದಿನ ನೀರಿಲ್ಲದೆ ಆ ಹೊಲವೂ ಒಣಗಿ ಬಿರಿದಿತ್ತು, ಬೇರು ಹಾಳಾದ ಪೈರು ನಿಧಾನವಾಗಿ ಕುಡಿಯುತ್ತಿತ್ತು. ತಡವಾದದ್ದಕ್ಕೆ ಇದು ನಾನು ಆಮೇಲೆ ಲೆಕ್ಕಹಾಕಿ ಕಂಡುಕೊಂಡ ಕಾರಣ. ಆಗ ನನಗೂ ಅನ್ನಿಸಿದ್ದು ಒಂದೇ: ಎತ್ತಿಬಿಡಬಾರದೇ.

ನೆರಳು ಮನುಷ್ಯನ ಉದ್ದಕ್ಕೆ ಬಂದಾಗ ಆಕೆ ಟವೆಲ್ ಎತ್ತಿದರು. ಹಲಗೆ ಬಿತ್ತು. ಇಮಾಮಸಾಬ ಕಳೆ ಕೀಳುವ ಕುರ್ಚಿಗೆ ಹಿಡಿದು ಹೊಲದ ಮೂರು ಕಡೆ ಅಗೆದು ನನ್ನನ್ನು ಕರೆದು ತೋರಿಸಿದರು. ಮೂರೂ ಕಡೆ ಬೇರು ಇಳಿದಷ್ಟು ಆಳಕ್ಕೆ ಮಣ್ಣು ಹಸಿಯಾಗಿತ್ತು, ಅದರ ಕೆಳಗೆ ಒಣಗಿತ್ತು. ಹಿಂದಿನ ಸರದಿಗಳಲ್ಲಿ ಮುರಿಗೆಪ್ಪ ಸಂಜೆಯವರೆಗೆ ಬಿಟ್ಟಿದ್ದ ನೀರಿಗೆ ಹೋಲಿಸಿದರೆ ಇದು ಎಷ್ಟೋ ಕಡಿಮೆ. ಅಂಥ ಹೋಲಿಕೆಗಳಿಗೆ ಫಕೀರವ್ವನಿಗೆ ಪುರಸೊತ್ತಿರಲಿಲ್ಲ. ಆಕೆ ಸೀರೆ ಎತ್ತಿ ಕಟ್ಟಿಕೊಂಡು ನೀರಿನ ಮುಂದೆ ಮುಂದೆ ಕಾಲುವೆಯಲ್ಲಿ ಓಡುತ್ತಿದ್ದರು, ಕಸ, ಹುಲ್ಲು, ಅಡ್ಡ ಬಿದ್ದದ್ದನ್ನೆಲ್ಲ ಎರಡೂ ಕೈಯಿಂದ ಎತ್ತಿ ಎಸೆಯುತ್ತ.

ಸೂರ್ಯ ಮುಳುಗಿದಾಗ ನಿಯಮದಂತೆ ಕೆರೆಯ ತೂಬು ಮುಚ್ಚಿತು. ಆಕೆಯ ಹೊಲದ ಮೇಲ್ಭಾಗ ತೊಯ್ದಿತ್ತು. ಕೆಳಗಿನ ಮೂಲೆಗೆ ನೀರು ಮುಟ್ಟಲಿಲ್ಲ. ಹೊಲ ಸಾಕು ಅನ್ನಲಿಲ್ಲ ಎಂದು ಫಕೀರವ್ವ ನನಗೆ ತಿಳಿಸಿದರು.

"ಸ್ವಲ್ಪ ಮೊದಲ ಎತ್ತಿದ್ರ ಪೂರಾ ತೊಯ್ತಿತ್ತಲ್ರೀ" ಎಂದೆ.

"ಹೌದ್ರಿ." ಆಕೆ ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದರು. "ನಾನೂ ನಾಕ ಸಲ ಅಂದ್ನಿ, ಮನಸ್ಸಿನ್ಯಾಗ. ಹೊಲ ಅನ್ನಲಿಲ್ಲ."

ಕೊಯ್ಲಿನಲ್ಲಿ ಆ ಮೂಲೆಯ ಗೋಧಿ ತೆನೆಯಷ್ಟೇ ಇತ್ತು, ಕಾಳು ಇರಲಿಲ್ಲ, ದನಗಳಿಗೆ ಹಾಕಿದರು. ಉಳಿದದ್ದು ಮನೆಗೆ ಬಂತು. ಮುರಿಗೆಪ್ಪನವರ ಹೊಲದಲ್ಲಿ ಮಲಗಿದ ಪೈರು ಏಳಲಿಲ್ಲ, ನಿಂತದ್ದರಲ್ಲಿ ಕಾಳು ತುಂಬಿತು. ನಾನು ಬರೆದ ವರದಿಯನ್ನು ಜಿನ್ನಪ್ಪ ಎರಡು ಸಲ ಓದಿ, ಒಬ್ಬರ ಹೊಲಕ್ಕೆ ಇನ್ನೊಬ್ಬರ ಹೆಸರು ಹಾಕಿದ್ದೀರಾ ಎಂದು ಕೇಳಿದರು, ಹೌದು ಎಂದೆ, ಬಿಟ್ಟರು.

ಆಮೇಲೆ ಆದದ್ದೆಲ್ಲ ಅಷ್ಟು ಸಲೀಸಾಗಿರಲಿಲ್ಲ. ಮುರಿಗೆಪ್ಪ ಒಬ್ಬರೇ ಅಲ್ಲ, ಅರ್ಧ ಕಿವಿಯಲ್ಲಿ ಅಂದಾಜಿನ ಮೇಲೆ ನೀರು ಬಿಡುತ್ತಿದ್ದವರು ಇನ್ನೂ ಹಲವರಿದ್ದರೆಂದು ಒಬ್ಬೊಬ್ಬರ ಮನೆಯಿಂದಲೂ ಹೊರಬಿತ್ತು. ಕಾಳು ಬಿಟ್ಟ ಹೆಂಗಸರು ನೀರಿನ ದಿನವೂ ಬದುವಿಗೆ ಬರಬೇಕು, ಅದಕ್ಕೆ ಬೇರೆ ಕೂಲಿ ಕೊಡಬೇಕು ಎಂದಾಯಿತು. ಕೆಲವರು ಕೊಟ್ಟರು. ಕೆಲವರು ಮನೆಯ ಸೊಸೆಯಂದಿರ ಉಡಿಗೆ ಕಾಳು ತುಂಬಿ ಹೊಲಕ್ಕೆ ಕಳಿಸಿದರು. ಅಂಥ ಹೊಲಗಳಲ್ಲಿ ಆ ವರ್ಷ ಪೈರು ಒಂದೆಡೆ ಒತ್ತಾಗಿ, ಒಂದೆಡೆ ತೆಳುವಾಗಿ ಹುಟ್ಟಿತು. ಕೆರೆಯಲ್ಲಿ ನೀರು ಉಳಿಯಿತು. ಉಳಿದ ನೀರಿಗೆ ಅದೇ ವರ್ಷ ಹಕ್ಕುದಾರರೂ ಹುಟ್ಟಿದರು. ಬಾಲದ ಆಚೆಯ ಹುಲ್ಲುಗಾವಲಿಗೆ ಕಾಲುವೆ ಮುಂದುವರಿಸಿ ಗೋಧಿ ಹಾಕಬೇಕೆಂಬ ಅರ್ಜಿಗೆ ಬಹಳ ಸಹಿಗಳು ಬಿದ್ದವು. ನೀರು ಕೆರೆಯಲ್ಲೇ ಇರಲಿ ಎಂದವರು ಇಮಾಮಸಾಬ ಮತ್ತು ಆಡು ಕಾಯುವವರು. ಹೊಲ ಸಾಕು ಅನ್ನುತ್ತದೆ, ಊರು ಅನ್ನುತ್ತದೆಯೇ ಎಂದು ನಾನು ಸಂಪಾದಕೀಯವೊಂದನ್ನು ಬರೆದುಕೊಟ್ಟೆ. ಜಿನ್ನಪ್ಪ ಅದನ್ನು ಹಾಕಲಿಲ್ಲ. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ.

ಮುಂದಿನ ಬಿತ್ತನೆಗೆ ನಾನು ಮುರಿಗೆಪ್ಪನವರ ಹೊಲಕ್ಕೆ ಹೋಗಿದ್ದೆ. ಅವರು ಕೂರಿಗೆ ಇಳಿಸಿರಲಿಲ್ಲ. ಇಳಿಸಿರೆಂದು ಯಾರೂ ಹೇಳಿರಲಿಲ್ಲ; ಕೂರಿಗೆ ಹಿಡಿಯಲು ಕಿವಿ ಬೇಕಿಲ್ಲವೆಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಎತ್ತುಗಳ ಜೊತೆ ಅವರು, ಬಟ್ಟಲಿನ ಪಕ್ಕದಲ್ಲಿ ಫಕೀರವ್ವ. ಸಾಲಿನ ಕೊನೆಯಲ್ಲಿ ಎತ್ತು ತಿರುಗಿಸುವಾಗ ಅವರು ನಿಂತರು.

"ತಂಗೀ, ಒಂದ ಕೇಳ್ತೀನಿ. ಹೆಂಗ ಅಂತೈತಿ ಅದು ಈಗ? ನಂಗ ಮರತ ಹ್ವಾದಂಗ ಆಗೈತಿ."

"ಮೆತ್ತಗ ಅಂತೈತ್ರೀ ಕಾಕಾ. ಸಿಟ್ಟಿಲ್ಲ, ಏನಿಲ್ಲ" ಎಂದರು ಆಕೆ. ಅವರು ಆಕೆಯ ತುಟಿಯನ್ನೇ ನೋಡಿದರು. ಸಿಗಲಿಲ್ಲವೆಂದು ತಲೆಯಾಡಿಸಿದರು. ಆಕೆ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಅದೂ ಸಿಗಲಿಲ್ಲ.

ಫಕೀರವ್ವ ಉಡಿಯ ಕಾಳನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಹೊಸ ಸಾಲಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಊಟಕ್ಕೆ ಕೂತವರು ಬಡಿಸುವವರು ಮತ್ತೆ ಬಂದಾಗ ಎಲೆಯ ಮೇಲೆ ಕೈ ಹಿಡಿಯುತ್ತಾರಲ್ಲ, ಹಾಗೆ ಇನ್ನೊಂದು ಕೈಯನ್ನು ಮಣ್ಣಿನ ಮೇಲೆ ಅಡ್ಡ ಹಿಡಿದು, ಸ್ವಲ್ಪ ಬಾಗಿ, ಮುಖ ಮೇಲೆತ್ತಿ ಅವರನ್ನು ನೋಡಿದರು.

ಮುರಿಗೆಪ್ಪ ಆ ಕೈಯನ್ನೇ ನೋಡುತ್ತ ನಿಂತರು. ಎತ್ತುಗಳು ಬಾಲ ಬೀಸಿದವು.

"ಹೌದು," ಎಂದರು, "ಹಂಗ ಅಂತಿತ್ತು."